ತುಳಸಿಯೊಳಗಿನ ಲವಂಗ

ಆ ಚಳಿಗಾಲದ ಜ್ವರ ನನಗೂ ಅವ್ವನಿಗೂ ಒಟ್ಟಿಗೇ ಬಂತು. ಅವ್ವ ವಾರದೊಳಗೆ ಎದ್ದು ರೊಟ್ಟಿ ಬಡಿಯತೊಡಗಿದಳು. ನನ್ನ ಜ್ವರವೂ ಬಿಟ್ಟಿತು, ಆದರೆ ಮೂಗು ಸತ್ತುಹೋಯಿತು. ಅದು ಗೊತ್ತಾದದ್ದು ಒಲೆಯ ಮುಂದೆ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿ ಏನನ್ನೋ ಯೋಚಿಸುತ್ತ ನಿಂತಿದ್ದೆ. ಪಡಸಾಲೆಯಿಂದ ಅವ್ವ, "ಹೊತ್ತಿದ ವಾಸನಿ ಬರಾಕತ್ತೈತಿ, ನೋಡ ಯವ್ವಾ!" ಎಂದು ಕೂಗಿದಳು. ಬಗ್ಗಿ ನೋಡಿದರೆ ಬೆಳ್ಳುಳ್ಳಿ ಕರ್ರಗಾಗಿತ್ತು. ನನಗೆ ಹೊಗೆ ಕಂಡಿತೇ ಹೊರತು ವಾಸನೆ ಇರಲಿಲ್ಲ.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಸುಗಂಧ ಸಸ್ಯಗಳ ಎಣ್ಣೆಯಲ್ಲಿ ಏನೇನಿರುತ್ತದೆ ಎಂಬ ಪಾಠ ಪ್ರತಿವರ್ಷ ನನ್ನ ಪಾಲಿಗೇ ಬರುತ್ತದೆ. ಲವಂಗ ಎಂದರೆ ಯುಜೆನಾಲ್, ಅಜವಾನ ಎಂದರೆ ಥೈಮಾಲ್, ನೀಲಗಿರಿ ಎಂದರೆ ಸಿನಿಯೋಲ್. ಇವುಗಳ ರಚನೆಯನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಅಂಥವಳು ಅಜವಾನದ ಡಬ್ಬಿಯೊಳಗೆ ಮೂಗು ಇಟ್ಟು ಕೂತರೆ ಖಾಲಿ ಡಬ್ಬಿ ಮೂಸಿದ ಹಾಗಾಗುತ್ತಿತ್ತು.

ಡಾಕ್ಟರು ಗಾಬರಿಯಾಗಬೇಡಿ ಎಂದರು. "ಬರ್ತೈತ್ರಿ, ಅವಸರ ಮಾಡಬ್ಯಾಡ್ರಿ. ಮುಂಜಾನಿ, ಸಂಜಿ ಲವಂಗ, ನಿಂಬಿ, ನೀಲಗಿರಿ, ಗುಲಾಬಿ ಮೂಸಿ ನೋಡ್ರಿ. ಮೂಸುವಾಗ ಅದರ ವಾಸನಿ ಹೆಂಗಿತ್ತು ಅಂತ ನೆನಪು ಮಾಡ್ಕೋರಿ."

ಈ ನೆನಪು ಮಾಡಿಕೊಳ್ಳುವ ಮಾತೇ ಮುಂದೆ ನನ್ನ ತಲೆ ಕೆಡಿಸಿದ್ದು.

ಎರಡು ತಿಂಗಳ ಮೇಲೆ ವಾಸನೆ ಮರಳಿತು, ಆದರೆ ಸರಿಯಾಗಿ ಮರಳಲಿಲ್ಲ. ಉಳ್ಳಾಗಡ್ಡಿ ಹುರಿದರೆ ರಸ್ತೆಯಲ್ಲಿ ಟೈರು ಸುಟ್ಟಂತೆ. ಚಹಾ ಕುದಿಸಿದರೆ ಗಟಾರದ ನಾತ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದೆ. ಅವ್ವ ಪಲ್ಯದ ಬೋಗುಣಿಯನ್ನು ನನ್ನ ಕಣ್ಣಿಗೆ ಬೀಳದಂತೆ ಅತ್ತ ಸರಿಸಿ ತಾನೂ ಸುಮ್ಮನೆ ಉಣ್ಣುತ್ತಿದ್ದಳು. ತನ್ನ ಕೈರುಚಿ ಕೆಟ್ಟಿತೇನೋ ಎಂದು ಅವಳಿಗೂ ಸಂಶಯ.

ಒಂದು ಮುಂಜಾನೆ ಅಂಗಳದಲ್ಲಿ ತುಳಸಿಗೆ ನೀರು ಹಾಕುವಾಗ ಎಲೆ ತಿಕ್ಕಿ ಮೂಸಿದೆ. ಲವಂಗ! ಸಂಶಯವೇ ಇಲ್ಲ, ಲವಂಗದ್ದೇ ಘಮ.

"ಅವ್ವಾ, ತುಳಸಿ ಲವಂಗದಂಗ ವಾಸನಿ ಬರಾಕತ್ತೈತಿ."

ಅವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು. "ಅಯ್ಯ, ಇನ್ನೂ ಆರಾಮಾಗಿಲ್ಲ ನಿನಗ. ತುಳಸಿ ತುಳಸಿಯಂಗ ಬರಬೇಕಲ್ಲ."

ತುಳಸಿಯ ಎಣ್ಣೆಯಲ್ಲೂ ಲವಂಗದಲ್ಲಿರುವ ಯುಜೆನಾಲೇ ಇರುತ್ತದೆ ಎಂದು ನನಗೆ ಗೊತ್ತು. ಹಾಗಾದರೆ ನನ್ನ ಮೂಗು ಹೇಳಿದ್ದು ಸರಿಯೇ. ಆದರೆ ಚಿಕ್ಕಂದಿನಿಂದ ಎಲೆ ಕಿತ್ತು ಬಾಯಿಗೆ ಹಾಕಿಕೊಂಡವಳಿಗೆ ಇಷ್ಟು ವರ್ಷ ಒಮ್ಮೆಯೂ ಅದು ಲವಂಗ ಎನಿಸಿರಲಿಲ್ಲ. ಈಗ ನಿಜವಾಗಿ ವಾಸನೆ ಬಂತೋ, ಓದಿದ್ದನ್ನು ಮೂಗು ಒದರಿತೋ? ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಅವ್ವನೇ ಒಂದು ಉಪಾಯ ಮಾಡಿದಳು. ಭಾನುವಾರ ನನ್ನನ್ನು ಪಡಸಾಲೆಯಲ್ಲಿ ಕೂಡ್ರಿಸಿ, ಹಳೆಯ ಪಂಜೆಯಿಂದ ಕಣ್ಣು ಕಟ್ಟಿದಳು. "ಸುಳ್ಳ ಹೇಳಬ್ಯಾಡ. ಬಂದದ್ದು ಅಷ್ಟ ಹೇಳು," ಎಂದಳು. ಒಂದೊಂದಾಗಿ ಮೂಗಿನ ಹತ್ತಿರ ಹಿಡಿದಳು. ಮೊದಲನೆಯದಕ್ಕೆ ಅಜವಾನ ಎಂದೆ.

"ಅಲ್ಲ. ದೊಡ್ಡಪತ್ರಿ ಎಲಿ."

ಎರಡನೆಯದಕ್ಕೆ ಬಡೇಸೋಪು ಎಂದೆ. ಅದು ಕಾಮಕಸ್ತೂರಿಯಾಗಿತ್ತು. ನಿಂಬೆಹಣ್ಣು ಎಂದದ್ದು ಮಜ್ಜಿಗೆ ಹುಲ್ಲು. ಪ್ರತಿ ಸಲವೂ ಅವ್ವ "ಅಲ್ಲ" ಎನ್ನುತ್ತಿದ್ದಳು. ಪ್ರತಿ ಸಲವೂ ನಾನು ಒಳಗೊಳಗೆ ಹಿಗ್ಗುತ್ತಿದ್ದೆ. ದೊಡ್ಡಪತ್ರೆಯಲ್ಲೂ ಅಜವಾನದ ಥೈಮಾಲೇ ಇದೆ. ಬಡೇಸೋಪಿನ ಅಣುವಿಗೂ ಕಾಮಕಸ್ತೂರಿಯದಕ್ಕೂ ಒಂದು ದ್ವಿಬಂಧದ ಜಾಗ ಮಾತ್ರ ಬೇರೆ. ನಿಂಬೆಯ ಸಿಪ್ಪೆಗೆ ನಿಂಬೆಯ ಘಮ ಕೊಡುವ ಸಿಟ್ರಾಲ್ ಆ ಹುಲ್ಲಿನ ತುಂಬ ಇದೆ. ಅವ್ವನ ಲೆಕ್ಕದಲ್ಲಿ ನಾನು ನಪಾಸು, ರಸಾಯನಶಾಸ್ತ್ರದ ಲೆಕ್ಕದಲ್ಲಿ ಪಾಸು.

"ಈಗ?" ಎಂದಳು ಅವ್ವ.

ಉದ್ದಕ್ಕೆ ಉಸಿರು ಎಳೆದೆ. "ನೀಲಗಿರಿ."

ಉತ್ತರಕ್ಕೆ ಕಾಯದೆ ಕಣ್ಣಿನ ಬಟ್ಟೆ ಬಿಚ್ಚಿ ನೋಡಿದೆ. ಅವಳ ಕೈ ಖಾಲಿ ಇತ್ತು. ಏನೂ ಇಲ್ಲದಿದ್ದಾಗ ನಾನು ಏನೆನ್ನುತ್ತೇನೆ ನೋಡೋಣವೆಂದು ಬರಿಯ ಅಂಗೈ ಹಿಡಿದಿದ್ದಳಂತೆ. ಆ ಕೈಯನ್ನು ಹಿಡಿದು ಮತ್ತೆ ಮೂಸಿದೆ. ಈ ಸಲ ನೀಲಗಿರಿಯೂ ಇಲ್ಲ, ಮತ್ತೊಂದೂ ಇಲ್ಲ.

"ಕೈ ತೊಳಕೊಂಡೀನವ್ವ, ಬರೇ ನೀರಿಲೆ," ಎಂದಳು, ತಪ್ಪು ತನ್ನದೇ ಎಂಬಂತೆ. ಆಮೇಲೆ ತುಳಸಿಯ ಕುಡಿ ತಿಕ್ಕಿ ತಾನೇ ಮೂಸಿದಳು. ಮತ್ತೊಮ್ಮೆ ಮೂಸಿದಳು. "ಈಗ ನನಗೂ ಲವಂಗ ಬರಾಕತ್ತೈತಿ. ನೀ ಹೇಳಿದ್ದಕ್ಕ ಬಂತೋ, ಮೊದಲ ಇತ್ತೋ, ತಿಳೀವಲ್ದು."

ಇಬ್ಬರೂ ನಕ್ಕೆವು. ನನಗೆ ಮಾತ್ರ ನಗುವಿನ ಕೆಳಗೆ ಭಯವಿತ್ತು. ಇಲ್ಲದ ವಾಸನೆಯನ್ನು ಅಷ್ಟು ಧೈರ್ಯವಾಗಿ ಹೇಳಿದವಳು ಇರುವುದನ್ನು ಹೇಗೆ ನಂಬಬೇಕು?

ಅದೇ ವಾರ ಲ್ಯಾಬಿನಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆ ಇಳಿಸುವ ಪ್ರಯೋಗ ಇತ್ತು. ಹುಲ್ಲು ಸಣ್ಣಗೆ ಕತ್ತರಿಸಿ, ನೀರಿನೊಂದಿಗೆ ಗಾಜಿನ ಫ್ಲಾಸ್ಕಿಗೆ ಹಾಕಿ ಕುದಿಸಿದರೆ, ಉಗಿಯ ಜೊತೆ ಎಣ್ಣೆಯೂ ಮೇಲೆದ್ದು ಕೊಳವೆಯಲ್ಲಿ ತಣ್ಣಗಾಗಿ ಹನಿಯಾಗಿ ಇಳಿಯುತ್ತದೆ. ಹುಡುಗಿಯರು ಗುಂಪು ಗುಂಪಾಗಿ ನಿಂತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ಸಿಟ್ರಾಲಿನ ಎರಡು ರೂಪ ಬರೆಯುತ್ತಿದ್ದೆ. ಸುಟ್ಟ ವಾಸನೆ ಬಂತು. ಬಂತು ಎಂದು ಗೊತ್ತಿದ್ದೂ ತಿರುಗಲಿಲ್ಲ. ಮನೆಯಲ್ಲಿ ದಿನಾ ಬರುವ ಟೈರಿನ ವಾಸನೆ ಇದು, ನನ್ನ ಮೂಗಿನದೇ ಆಟ ಎಂದುಕೊಂಡು ಬರೆಯುತ್ತಲೇ ಇದ್ದೆ.

"ಮೇಡಂ, ಏನೋ ಹೊತ್ತಾಕತ್ತೈತ್ರಿ!" ಹಿಂದಿನಿಂದ ಒಬ್ಬಳು ಕೂಗಿದಳು.

ತಿರುಗುವಷ್ಟರಲ್ಲಿ ಟಪ್ ಎಂದಿತು. ಒಂದು ಫ್ಲಾಸ್ಕಿನ ನೀರು ಬತ್ತಿ, ಹುಲ್ಲು ತಳಕ್ಕೆ ಹತ್ತಿ ಕರಕಾಗಿ, ಗಾಜು ಸೀಳಿತ್ತು. ಓಡಿಹೋಗಿ ಬರ್ನರ್ ಆರಿಸಿದೆ. ಯಾರಿಗೂ ಏನೂ ಆಗಲಿಲ್ಲ. ಹುಡುಗಿಯರ ಕೈಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅವರಿಗೆ ಇದ್ದದ್ದು ಇದ್ದಂತೆ ಹೇಳಿದೆ: "ನನ್ನ ಮೂಗಿನ ಭರವಸಿ ಇಲ್ಲ. ಇನ್ನ ಮ್ಯಾಲೆ ಏನ ವಾಸನಿ ಬಂದರೂ ನೀವ ಹೇಳಬೇಕು."

ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಆ ಮೇಲೆ ಕಾರಿಡಾರಿನಲ್ಲಿ ಸಿಕ್ಕವರೂ, "ಮೇಡಂ, ಇವತ್ತ ಕ್ಯಾಂಟೀನಿನ್ಯಾಗ ಮಿರ್ಚಿ ಕರಿಯಾಕತ್ತಾರ್ರಿ," ಎಂದು ವರದಿ ಕೊಟ್ಟು ಹೋಗುತ್ತಿದ್ದರು.

ವರ್ಷ ತುಂಬುವಷ್ಟರಲ್ಲಿ ಉಳ್ಳಾಗಡ್ಡಿ ಸರಿಹೋಯಿತು. ಚಹಾ ಇನ್ನೂ ಸರಿಹೋಗಿಲ್ಲ, ಹಾಲು ಕುಡಿಯುತ್ತೇನೆ. ಪೂರ್ತಿ ಗುಣವಾಯಿತೋ ಇಲ್ಲವೋ ಎಂದು ಕೇಳಿದವರಿಗೆ ಉಳ್ಳಾಗಡ್ಡಿಯ ಮಾತಷ್ಟೇ ಹೇಳುತ್ತೇನೆ.

ಈಚೆಗೆ ಕುಷ್ಟಗಿಗೆ ಪರೀಕ್ಷೆಯ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳ ತುರುಬಿನಲ್ಲಿ ದುಂಡುಮಲ್ಲಿಗೆ ಇತ್ತು. ಒಂದು ಗಾಳಿಗೆ ಹೂವಿನ ಘಮ ಬಂತು, ಮುಂದಿನ ಗಾಳಿಗೆ ಹೊಲಸು ನಾತ. ಮಲ್ಲಿಗೆಯಲ್ಲಿ ಇಂಡೋಲ್ ಇರುತ್ತದೆ, ಹೇಲಿನಲ್ಲೂ ಅದೇ ಇರುತ್ತದೆ. ಹಾಗಾದರೆ ಇದು ಹೂವಿನ ಸತ್ಯವೋ, ನನ್ನ ರೋಗವೋ? ತಡೆಯಲಾಗದೆ ಕೇಳಿಬಿಟ್ಟೆ. "ಅಕ್ಕಾರ, ಈ ಹೂವು ಹೆಂಗ ವಾಸನಿ ಬರ್ತಾವ್ರಿ?"

ಆಕೆ ನನ್ನ ಮುಖ ನೋಡಿದಳು. ಬಹುಶಃ ಆಸೆಯಿಂದ ಕೇಳಿದೆ ಎಂದುಕೊಂಡಿರಬೇಕು. "ಹೂವಿನಂಗ ಬರ್ತಾವ್ರಿ, ಮತ್ತ ಹೆಂಗ? ತಗೋರಿ," ಎಂದು ತುರುಬಿನಿಂದ ಒಂದು ತುಂಡು ಹರಿದು ಕೊಟ್ಟಳು. ಬೇಡ ಎನ್ನಲಾಗಲಿಲ್ಲ. ಮುಡಿದುಕೊಂಡು ಕೂತೆ. ಕುಷ್ಟಗಿ ಬರುವತನಕ ಆ ಎರಡೂ ವಾಸನೆಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು.