ಪೇಟಿಯ ಬ್ಯಾನಿ

ಎಂಟು ತಿಂಗಳ ಮೇಲೆ ಆಸ್ಪತ್ರೆಯ ಕೆಲಸದಿಂದ ಎರಡು ದಿನ ರಜೆ ಸಿಕ್ಕಿತ್ತು. ಗಾಯನ ಕೇಳಲೆಂದೇ ಮುರಗೋಡಕ್ಕೆ ಹೋದೆ. ಹಾಡುವವರು ಕುಳಿತಾಗಿತ್ತು, ಆದರೆ ಹಾರ್ಮೋನಿಯಂ ಪೇಟಿ ಎಲ್ಲಿಂದಲೋ ಗಾಳಿ ಬಿಡುತ್ತಿತ್ತು. ಸುಮ್ಮನಿರಲಾರದೆ ಚೀಲದಿಂದ ಸ್ಟೆತಸ್ಕೋಪ್ ತೆಗೆದು ಅದರ ತಿದಿಗೆ ಹಚ್ಚಿದೆ. ಎಲ್ಲ ಕಡೆಯೂ ಸುಯ್ ಎನ್ನುವ ಸದ್ದೇ.

“ಅದಕ್ಕೇನ ನ್ಯುಮೋನಿಯಾ ಆಗಿಲ್ಲ ಡಾಕ್ಟರ ಸಾಹೇಬ್ರ, ಜರಾ ಸರೀರಿ,” ಎಂದರು ಪೇಟಿ ಬಾರಿಸುವ ಮಾಸ್ತರು. ಒಂದು ಕೈಯಿಂದ ಗಾಳಿ ಹಾಕುತ್ತ, ಇನ್ನೊಂದರಲ್ಲಿ ಹೊತ್ತಿಸಿದ ಊದಿನಕಡ್ಡಿಯನ್ನು ತಿದಿಯ ಸುತ್ತ ಆಡಿಸಿದರು. ಒಂದು ಮಡಿಕೆಯ ಹತ್ತಿರ ಹೊಗೆ ತಟ್ಟನೆ ಪಕ್ಕಕ್ಕೆ ಹಾರಿತು.

“ಇಲ್ಲೈತಿ ನೋಡ್ರಿ ಬ್ಯಾನಿ. ಔಷಧ ನಿಮ್ದು.”

ನನ್ನಲ್ಲಿದ್ದ ಪ್ಲಾಸ್ಟರ್ ಅಂಟಿಸಿದೆ.

ಬೈಲಹೊಂಗಲದ ಬಸ್ಸಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾವ ರಾಗ ಹಾಡಿದರೆಂದು ಬರೆದರೆ ಅದು ಊಹೆಯಾದೀತು. ಎರಡು ಗಂಟೆ ನಾನು ನೋಡುತ್ತಿದ್ದುದು ಆ ಪ್ಲಾಸ್ಟರನ್ನು. ಅದು ಕಿತ್ತು ಬರಲಿಲ್ಲ.