ಮೂರು ಬೆರಳಿನಷ್ಟು ತುಕ್ಕು

...ಅಥವಾ ಅದು ಲವಂಗದ ವಾಸನೆಯೇ ಆಗಿರಲಿಲ್ಲವೇನೋ. ಹೋದ ವಾರ ಇಂದಿರಾನಗರದಲ್ಲಿ ದಂತವೈದ್ಯೆ ನನ್ನ ಹಲ್ಲಿನ ತೂತಿಗೆ ಲವಂಗದೆಣ್ಣೆಯ ಹತ್ತಿ ಇಟ್ಟಾಗ, ಶಿವಾಜಿನಗರದ ಬಂದೂಕು ರಿಪೇರಿಯವರು ಮುಚ್ಚಿದ ಕಣ್ಣಿನೊಳಗೆ ಬಂದು ನಿಂತರು. ಅವರ ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು ಎನ್ನುತ್ತದೆ ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದು ವಾಸನೆ ಸಿಕ್ಕರೆ ಸಾಕು, ಅದನ್ನು ಯಾರ ಬಾಯಿಗೆ ಬೇಕಾದರೂ ಹಾಕಿಬಿಡುತ್ತದೆ.

ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಕೆ.ಆರ್. ಪುರದಾಚೆಯ ನಮ್ಮ ಹಳ್ಳಿ ಸೈಟುಗಳಾಗಿ ಹಂಚಿಹೋಗುವ ಎಷ್ಟೋ ಮೊದಲು, ತಾತ ಹಂದಿ ಬೇಟೆಗೆ ಹೋಗುತ್ತಿದ್ದ ಕಾಲದಿಂದ, ನಮ್ಮ ಮನೆಯ ಜೋಡಿ ನಳಿಗೆಯ ಬಂದೂಕನ್ನು ಅವರ ಅಂಗಡಿಯೇ ನೋಡಿಕೊಳ್ಳುತ್ತಿತ್ತು. ಕಾನೂನು ಬಂದು ಬೇಟೆ ನಿಂತಿತು. ಲೈಸೆನ್ಸ್ ಉಳಿಯಿತು. ಬಂದೂಕು ವರ್ಷಕ್ಕೊಮ್ಮೆ ಆಯುಧಪೂಜೆಗೆ ಬೀರುವಿನಿಂದ ಹೊರಗೆ ಬರುತ್ತಿತ್ತು. ನಳಿಗೆಯ ಮೇಲಿನ ನೀಲಿ ಬಣ್ಣ ಸಂಜೆಯ ಕೆರೆಯ ನೀರಿನ ಹಾಗೆ, ನೀಲಿಯೋ ಕಪ್ಪೋ ಹೇಳಲಾಗದಂತೆ ಇತ್ತು.

ಆ ವರ್ಷ ಅಪ್ಪನಿಗೆ ಮಂಡಿ ನೋವು. ಪೂಜೆ ನನ್ನ ಪಾಲಿಗೆ ಬಂತು. ನನಗಾಗ ಇಪ್ಪತ್ತೆರಡು. ವಿಭೂತಿ ಒಣಗಿ ಉದುರಬಾರದೆಂದು, ದೃಷ್ಟಿಗೆ ಕೊಯ್ದಿದ್ದ ನಿಂಬೆಹಣ್ಣನ್ನೇ ಅದಕ್ಕೆ ಹಿಂಡಿ ಕಲಸಿದೆ. ಮೂರು ಬೆರಳು ಅದ್ದಿ ನಳಿಗೆಯ ಮೇಲೆ ಪಟ್ಟೆ ಎಳೆದೆ. ಮರುದಿನ ಒದ್ದೆ ಬಟ್ಟೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕಿತ್ತು. ಮಾರತ್ತಹಳ್ಳಿಯಲ್ಲಿ ಗೆಳೆಯರು ಕಾಯುತ್ತಿದ್ದರು. ಒಣಬಟ್ಟೆಯಲ್ಲಿ ಒಮ್ಮೆ ಸವರಿ, "ಆಯ್ತಪ್ಪಾ" ಎಂದು ಹೊರಟೆ. ಅಪ್ಪ ನನ್ನ ಮಾತು ನಂಬಿ ಬಂದೂಕನ್ನು ತಾತನ ಚರ್ಮದ ಚೀಲಕ್ಕೆ ಸೇರಿಸಿದರು.

ಲೈಸೆನ್ಸ್ ನವೀಕರಣಕ್ಕೆಂದು ತೆಗೆದಾಗ ನಳಿಗೆಯ ತುಂಬ ಕಂದು ತುಕ್ಕು. ತೊಳೆಯದೆ ಬಿಟ್ಟ ನಿಂಬೆಯ ಹುಳಿ ನನಗೆ ನೆನಪಾಯಿತು. ಅಪ್ಪನಿಗೆ ಹೇಳಲಿಲ್ಲ.

ಉಸ್ತಾದರ ಅಂಗಡಿಯಲ್ಲಿ ಅಪ್ಪ ಸ್ಟೂಲಿನ ಮೇಲೆ ಮಂಡಿ ಹಿಡಿದು ಕೂತಿದ್ದರು. ನಾನು ಮೇಜಿನ ಪಕ್ಕ. ಗೋಡೆಗೆ ಯಾರೋ ಮಾರಲು ಬಿಟ್ಟಿದ್ದ ಸ್ಟೇನ್‌ಲೆಸ್ ಸ್ಟೀಲ್ ನಳಿಗೆಯ ಬಂದೂಕು ಒರಗಿತ್ತು. ಅಪ್ಪನ ಕಣ್ಣು ಅದರ ಮೇಲೇ.

"ಈ ನೀಲಿ ಸಹವಾಸ ಸಾಕು ಉಸ್ತಾದ್. ಇದನ್ನ ಕೊಟ್ಬಿಟ್ಟು ಅದನ್ನ ತಗೊಳ್ಳೋಣ ಅಂತಿದೀನಿ."

"ಸ್ಟೀಲ್ ನಕ್ಕೋ, ಬೇಡ ಗೌಡ್ರೇ. ಬಿಸಿಲಿಗೆ ಹಿಡಿದ್ರೆ ನೀವು ಹಂದಿ ನೋಡೋಕೆ ಮುಂಚೆ ಹಂದಿ ನಿಮ್ಮನ್ನ ನೋಡತ್ತೆ."

"ಹಂದಿ ಎಲ್ಲಿದೆ ಮಾರಾಯ್ರೇ! ಬೀರು ಒಳಗಾ?"

"ಹಾಗಾದ್ರೆ ಬಂದೂಕು ಯಾಕೆ? ಪಕ್ಕದ ಬೀದೀಲಿ ಪಾತ್ರೆ ಅಂಗಡಿ ಐತೆ, ಸ್ಟೀಲ್ ಕೊಳಗ ತಗೊಂಡು ಪೂಜೆ ಮಾಡಿ."

ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಉಸ್ತಾದ್ ಹತ್ತಿಗೆ ಎಣ್ಣೆ ಹಾಕಿ ನಳಿಗೆ ಉಜ್ಜತೊಡಗಿದ್ದರು. ಉಜ್ಜುತ್ತಲೇ ಮಾತು. ಸ್ಟೀಲಿಗೂ ಎಣ್ಣೆ ಬೇಕು, ತುಕ್ಕೇ ಹಿಡಿಯಲ್ಲ ಅಂತ ನಂಬಿ ಜನ ಮರೆಯುತ್ತಾರೆ. ನೀಲಿಯಾದರೆ ಮರೆತದ್ದನ್ನು ತೋರಿಸಿಕೊಡುತ್ತದೆ. ನೀಲಿ ಅಂದರೂ ತುಕ್ಕೇ. ಬೇಕೆಂದೇ ತುಕ್ಕು ಬರಿಸಿ, ಕುದಿಸಿ, ಉಜ್ಜಿ, ಮತ್ತೆ ಬರಿಸಿ... ಹಾಗೆ ಪಳಗಿಸಿದ ತುಕ್ಕು. "ಎರಡು ವಾರ ಕೊಡಿ, ನಿಮ್ಮ ತಂದೆ ಇಟ್ಟ ಹಾಗೇ ಮಾಡ್ಕೊಡ್ತೀನಿ."

ಕಂದು ಬಣ್ಣ ಹತ್ತಿಗೆ ಬಂತು. ಅದರಡಿಯಲ್ಲಿ ಉಳಿದದ್ದು ಸಣ್ಣ ಸಣ್ಣ ಗುಳಿಗಳ ಮೂರು ಪಟ್ಟೆ. ಅಪ್ಪ ಕೂತಲ್ಲಿಂದ ಅದು ಕಾಣುತ್ತಿರಲಿಲ್ಲ. ಉಸ್ತಾದರ ಕೈ ನಿಂತಿತು. ತಮ್ಮ ಮೂರು ಬೆರಳನ್ನು ಪಟ್ಟೆಗಳ ಮೇಲೆ ಇಟ್ಟು ನೋಡಿದರು. ಆಮೇಲೆ ಟೀ ಲೋಟ ಹಿಡಿದಿದ್ದ ನನ್ನ ಕೈ ನೋಡಿದರು... ನೋಡಿದರು ಎಂದೇ ಬರೆಯುತ್ತಿದ್ದೇನೆ.

"ಏನಾಗಿದೆ?" ಅಂದರು ಅಪ್ಪ.

"ಚರ್ಮದ ಚೀಲ ಗೌಡ್ರೇ. ತೇವ ಕುಡಿದು ಕೂತಿರತ್ತೆ. ಅದರಲ್ಲಿ ತುಂಬ ದಿನ ಇಡಬಾರದು."

ನಾನು ಟೀ ಗುಟುಕರಿಸಿದೆ. ಅಪ್ಪನ ಮುಖ ಇಳಿಯಿತು. "ನಾನೇ ಇಟ್ಟಿದ್ದು," ಎಂದರು. ಸ್ವಲ್ಪ ಹೊತ್ತು ಮಂಡಿ ತಿಕ್ಕಿಕೊಂಡರು. "ನೀವು ಎಷ್ಟು ಚೆನ್ನಾಗಿ ಮಾಡಿಕೊಟ್ರೂ ನನ್ನ ಕೈಲಿ ಉಳಿಯಲ್ಲ ಬಿಡಿ. ಸ್ಟೀಲೇ ಕೊಡಿ."

ಉಸ್ತಾದ್ ಎಣ್ಣೆಯ ಹತ್ತಿಯನ್ನು ಪಕ್ಕಕ್ಕಿಟ್ಟರು. ನನ್ನ ಕಡೆ ತಿರುಗಿದರು.

"ನೀವು ಹೇಳಿ ಚಿಕ್ಕ ಗೌಡ್ರೇ. ನೀಲಿನಾ, ಸ್ಟೀಲಾ?"

ನೀಲಿ ಎಂದರೆ ಬಂದೂಕು ಎರಡು ವಾರ ಅವರ ಬಳಿ ಇರುತ್ತದೆ, ಅಪ್ಪ ಬಂದು ಹೋಗುತ್ತಾರೆ, ಮಾತಿನ ನಡುವೆ ಪಟ್ಟೆಗಳ ವಿಷಯ ಹೊರಬೀಳುತ್ತದೆ. ಇಷ್ಟನ್ನೂ ಲೆಕ್ಕ ಹಾಕುವಷ್ಟು ಹೊತ್ತು ಅವರು ನನ್ನನ್ನೇ ನೋಡುತ್ತಿದ್ದರು.

"ಸ್ಟೀಲೇ ಇರ್ಲಿ," ಅಂದೆ.

ಅವರು ತಾತನ ಬಂದೂಕನ್ನು ಮೇಜಿನ ಮೇಲೆ, ಪಟ್ಟೆಗಳು ಕೆಳಗಾಗುವಂತೆ ಮಲಗಿಸಿದರು. ಕಾಗದಪತ್ರ ಮುಗಿಯಲು ಕೆಲವು ತಿಂಗಳು ಹಿಡಿಯಿತು. ಆ ಓಡಾಟವೆಲ್ಲ ಅಪ್ಪನದೇ. ನಾನು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅಪ್ಪ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಸ್ಟೀಲ್ ಬಂದೂಕು ತೋರಿಸಿ, "ನಮ್ಮಪ್ಪನದನ್ನ ಹಾಳು ಮಾಡ್ದೋನು ನಾನೇ," ಎನ್ನುತ್ತಿದ್ದರು. ಎಷ್ಟೋ ಸಲ ನಾನು ಅದೇ ಕೋಣೆಯಲ್ಲಿರುತ್ತಿದ್ದೆ.

ದಂತವೈದ್ಯೆಯ ಬಳಿಯಿಂದ ಹೊರಬಿದ್ದವನು, ಹಲ್ಲು ಜೋಮು ಹಿಡಿದಿದ್ದಾಗಲೇ ಶಿವಾಜಿನಗರಕ್ಕೆ ಹೋದೆ. ಅಂಗಡಿ ಇದ್ದ ಕಡೆ ಮೊಬೈಲ್ ಕವರ್ ಮಾರುತ್ತಾರೆ. ಉಸ್ತಾದ್ ತೀರಿಹೋಗಿ ಬಹಳ ವರ್ಷವಾಯಿತು ಎಂದರು ಪಕ್ಕದವರು. ಅವರು ಆ ಪಟ್ಟೆಗಳನ್ನು ಗುರುತಿಸಿ ನನ್ನನ್ನು ಉಳಿಸಿದರೋ, ನಿಜವಾಗಿಯೂ ಚೀಲದ್ದೇ ತಪ್ಪು ಎಂದುಕೊಂಡರೋ, ನಾನಾಗಿ ಬಾಯಿ ಬಿಡಲಿ ಎಂದು ಆ ಪ್ರಶ್ನೆ ಕೇಳಿದರೋ... ಅಪ್ಪ ಒಬ್ಬರೇ ಹೋದ ಆ ತಿಂಗಳುಗಳಲ್ಲಿ ಉಸ್ತಾದ್ ಅವರಿಗೆ ನಿಜ ಹೇಳಿಯೇಬಿಟ್ಟಿದ್ದರೋ. ಹೇಳಿದ್ದರೆ, ಅಪ್ಪ ಅಷ್ಟು ವರ್ಷ ನನ್ನೆದುರೇ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡದ್ದು ಯಾಕೆ ಎಂಬುದು ನನಗೆ ಗೊತ್ತಿಲ್ಲ.