ಮರಿಸಿದ್ದಯ್ಯ ಕಟ್ಟಿದ್ದು, ಪಟ್ಟಲಮ್ಮ ಬಿಚ್ಚಿದ್ದು

ಬೆಳಕವಾಡಿಯ ಪಟ್ಟಲಮ್ಮ ತನ್ನ ಗಂಡನಿಗೆ ಮೂರು ವರ್ಷ ಒಂದೇ ಸುಳ್ಳನ್ನು ಹೇಳಿಕೊಂಡು ಬಂದಳು. ಬೇರೆ ಯಾವ ವಿಷಯಕ್ಕೂ ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅನ್ನಿಸಿದ್ದನ್ನು ಮುಖದ ಮೇಲೆ ಹೇಳಿ, ಆಮೇಲೆ ಅದೇ ಬಾಯಲ್ಲಿ ಊಟಕ್ಕೂ ಕರೆಯುವವಳು. ಆದರೆ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ಜಗಲಿಯ ಮೇಲಿಂದ ಮರಿಸಿದ್ದಯ್ಯ, "ಪೂರಿಗಾಲಿ ದಾರೀಲಿ ಓದ್ಯಾ? ಆ ತೆಂಗಿನ ತೋಟದ ಬೇಲಿ ಎಂಗೈತೆ?" ಎಂದು ಕೇಳಿದರೆ, "ನೆಟ್ಟಗೈತೆ ಕಣಪ್ಪ, ಅದುಕ್ಕೇನಾಗದು" ಎಂದುಬಿಡುತ್ತಿದ್ದಳು. ಆ ಬೇಲಿಯನ್ನು ಅವಳೇ ಬಿಚ್ಚಿ, ಸುತ್ತಿ, ಮಳವಳ್ಳಿಯ ಗುಜರಿಗೆ ಹಾಕಿ ತಿಂಗಳಾಗಿರುತ್ತಿತ್ತು.

ಮರಿಸಿದ್ದಯ್ಯ ಬೇಲಿ ಕಟ್ಟುವವನು. ಅವನ ಕಾಲದಲ್ಲಿ ಹೊಳೆದಡದ ಬ್ಲಫ್ ಎಂಬ ಊರಿನಿಂದ ಮಳವಳ್ಳಿಯವರೆಗೆ ಯಾರೇ ತೋಟಕ್ಕೆ ಮುಳ್ಳುತಂತಿ ಹಾಕಿಸಲಿ, ಮೊದಲು ಅವನ ಮನೆಗೆ ಬಂದು ಹೇಳಿ ಹೋಗುತ್ತಿದ್ದರು. ಅವನು ಕಟ್ಟಿದ ಬೇಲಿಗೆ ಕಿವಿಗೊಟ್ಟು ತಂತಿಯನ್ನು ಬೆರಳಿನಿಂದ ಮೀಟಿದರೆ ಕೊನೆಯ ಕಂಬದ ತನಕ ಗುಂಯ್ ಎನ್ನುತ್ತಿತ್ತು. ಅವನು ಎಡಚ. ತಂತಿಯನ್ನು ಕಂಬಕ್ಕೆ ಬಿಗಿಯುವ ಸಣ್ಣ ಕಟ್ಟುತಂತಿಯನ್ನು ಊರಿನವರೆಲ್ಲ ಬಲಕ್ಕೆ ತಿರುಚಿದರೆ ಇವನು ಎಡಕ್ಕೆ ತಿರುಚುತ್ತಿದ್ದ. ಗೊತ್ತಿಲ್ಲದವರು ಬಿಚ್ಚಲು ಹೋದರೆ ಗಂಟು ಇನ್ನಷ್ಟು ಬಿಗಿಯಾಗುತ್ತಿತ್ತು. ಅದು ಅವನಿಗೆ ದೊಡ್ಡ ಹೆಮ್ಮೆ.

ಒಂದು ದಿನ ಟ್ರ್ಯಾಕ್ಟರಿನಿಂದ ಕಲ್ಲುಕಂಬ ಇಳಿಸುವಾಗ ಒಂದು ಜಾರಿ ಅವನ ಸೊಂಟದ ಮೇಲೆ ಬಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇಟ್ಟುಕೊಂಡು, ಒಳಗೊಂದು ರಾಡು ಕೂರಿಸಿ, ಕೈಗೆ ನಾಲ್ಕು ಕಾಲಿನ ವಾಕರ್ ಕೊಟ್ಟು ಕಳಿಸಿದರು. ಅಂದಿನಿಂದ ಅವನ ಲೋಕವೆಂದರೆ ಜಗಲಿ, ಬಚ್ಚಲು, ಮತ್ತು ನಡುಮನೆಯಲ್ಲಿ ಬುದ್ಧನ ಪಟದ ಕೆಳಗಿನ ಮಂಚ.

ಆಗ ಪಟ್ಟಲಮ್ಮ ಕಬ್ಬು ಕಡಿಯಲು ಹೋಗುತ್ತಿದ್ದಳು. ಹಿತ್ತಿಲಲ್ಲಿ ಗಂಡನ ಕೆಲಸದಿಂದ ಉಳಿದ ತುಂಡು ತಂತಿಗಳ ಗುಡ್ಡೆಯೊಂದಿತ್ತು. ಅದರಿಂದ ಒಂದು ಬೆಳಿಗ್ಗೆ ಕೊಳಕುಮಂಡಲ ಹೊರಬಂದದ್ದೇ ತಡ, ಅವಳು ಆ ಗುಡ್ಡೆಯನ್ನು ಅವತ್ತೇ ಖಾಲಿ ಮಾಡಲು ನಿಂತಳು. ಮುಳ್ಳುತಂತಿಯನ್ನು ಗುಜರಿಯವರು ಮುಟ್ಟುವುದಿಲ್ಲ. ಗೋಣಿ ಹರಿಯುತ್ತದೆ, ಲಾರಿಗೆ ತುಂಬುವಾಗ ಒಂದಕ್ಕೊಂದು ಸಿಕ್ಕಿಕೊಂಡು ಕೈ ಸೀಳುತ್ತದೆ. ಆದರೆ ಪಟ್ಟಲಮ್ಮ ತಂದದ್ದನ್ನು ನೋಡಿ ಮಳವಳ್ಳಿಯ ಗುಜರಿ ಚೌಡಯ್ಯ ಕೂತಲ್ಲಿಂದ ಎದ್ದು ಬಂದ. ಒಂದೊಂದು ಸುರುಳಿಯೂ ಗಾಡಿಯ ಚಕ್ರದಂತೆ ದುಂಡಗೆ, ಮುಳ್ಳೆಲ್ಲ ಒಳಮುಖವಾಗಿ ಅಡಗಿತ್ತು.

"ಇದ ಯಾರಮ್ಮಿ ಸುತ್ತುದ್ದು?"

"ನಾನೇಯಾ. ತಲೆ ಮೇಲೆ ಒರೆ ಓರೋಳಿಗೆ ಸಿಂಬೆ ಸುತ್ತಾದ ಯಾರಾದ್ರೂ ಯೋಳ್ಕೊಡ್ಬೇಕಾ?"

ಹಳೇ ಬೇಲಿ ತೆಗೆಸಬೇಕೆಂದು ಬರುವವರನ್ನು ಚೌಡಯ್ಯ ಅವಳ ಕಡೆಗೆ ಕಳಿಸತೊಡಗಿದ. ಪಟ್ಟಲಮ್ಮ ಪಕ್ಕದ ಮನೆಯ ಸಣ್ಣತಾಯಮ್ಮನನ್ನು ಜೊತೆಗೆ ಹಾಕಿಕೊಂಡಳು. ಕೈಗೆ ಟೈರಿನ ತುಂಡು ಹೊಲಿದ ಗವಸು, ಒಂದು ಕಟಿಂಗ್ ಪ್ಲೇಯರು, ಒಂದು ಹಾರೆ. ಸಾಗಿಸಲು ಬಾಡಿಗೆಯ ಆಟೊ. ಕಬ್ಬಿನ ಸೋಗೆಯ ತುರಿಕೆಗಿಂತ ಇದು ಎಷ್ಟೋ ಮೇಲು ಎಂದುಕೊಂಡಳು.

ಮೊದಲನೆಯ ತೋಟಕ್ಕೆ ಹೋದಾಗಲೇ ಅವಳಿಗೆ ತಿಳಿಯಿತು. ಗಂಟು ಬಲಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಅದು ಗಂಡ ಕಟ್ಟಿದ ಬೇಲಿ. ಎರಡನೆಯದೂ ಅವನದೇ, ನಾಲ್ಕನೆಯದೂ. ಈ ಸುತ್ತಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಬೇಲಿ ಎಂದರೆ ಅವನದಲ್ಲದೆ ಇನ್ಯಾರದಿರುತ್ತದೆ? ಜಗಲಿಯ ಮೇಲೆ ಕೂತವನಿಗೆ ಉಳಿದಿದ್ದುದು ತಾನು ಕಟ್ಟಿದ್ದು ಹೊರಗೆ ಗಟ್ಟಿಯಾಗಿ ನಿಂತಿದೆ ಎಂಬ ಒಂದು ಮಾತು. ಅದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಹಳೇ ಬೇಲಿ ತೆಗೆಯುವ ಕೆಲಸವೆಂದು ಅವನಿಗೆ ಗೊತ್ತಿತ್ತು; ಅವು ಅವನವೇ ಎಂಬುದನ್ನು ಮಾತ್ರ ಮುಚ್ಚಿಟ್ಟು, ಕೇಳಿದಾಗಲೆಲ್ಲ "ನೆಟ್ಟಗೈತೆ" ಎಂದಳು.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಚಿಕ್ಕಣ್ಣನವರ ತೋಟದ ಕೆಲಸ ಬಂತು. ಹತ್ತು ಎಕರೆ, ತೆಂಗು, ಬಾಳೆ, ಪಕ್ಕದಲ್ಲಿ ಕಬ್ಬು. ಹೊಳೆಯಾಚೆಯ ಕಾಡಿನಿಂದ ಹಂದಿಗಳು ಮುಳ್ಳುತಂತಿಯ ಅಡಿಯಲ್ಲಿ ಮಣ್ಣು ಬಗೆದು ನುಗ್ಗುತ್ತಿದ್ದವು. ಒಮ್ಮೆ ಎರಡು ಆನೆಗಳೂ ಬಂದು ಬಾಳೆಯನ್ನು ಮಲಗಿಸಿ ಹೋಗಿದ್ದವು. ಚಿಕ್ಕಣ್ಣನವರ ಮಗ ರಘುನಂದನ್ ಸೋಲಾರ್ ಬೇಲಿ ಹಾಕಿಸಲು ನಿರ್ಧರಿಸಿ, ಹಳೆಯದನ್ನು ಕಂಬದ ಸಮೇತ ತೆಗೆಯಲು ಪಟ್ಟಲಮ್ಮನಿಗೆ ಹೇಳಿದ.

ಅವಳು ಈವರೆಗೆ ತೆಗೆದ ಬೇಲಿಗಳೆಲ್ಲ ಜೋತುಬಿದ್ದಿದ್ದವು. ಇದು ಹಾಗಿರಲಿಲ್ಲ. ಗಂಡ ಕಟ್ಟಿ ಇಪ್ಪತ್ತೆರಡು ವರ್ಷವಾದರೂ ಎಳೆದ ದಾರದಂತೆ ನೆಟ್ಟಗಿತ್ತು. ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗಿನಲ್ಲೇ ಮೂಲೆಯ ಕಂಬದ ಬಳಿ ಹೋಗಿ, ಮೇಲಿನ ತಂತಿಗೆ ಪ್ಲೇಯರು ಹಾಕಿ ಕತ್ತರಿಸಿದಳು.

ಟಪ್ ಎಂದದ್ದಷ್ಟೇ ಕೇಳಿಸಿತು. ಬಿಗಿದು ನಿಂತಿದ್ದ ತಂತಿ ಹಾವಿನಂತೆ ಚಿಮ್ಮಿ ಅವಳ ಮೊಣಕೈಯಿಂದ ಮುಂಗೈವರೆಗೆ ಸೀಳಿತು. ಒಂದು ಮುಳ್ಳು ಕಣ್ಣಿನ ಕೆಳಗೆ ಅರ್ಧ ಬೆರಳಿನಷ್ಟು ದೂರದಲ್ಲಿ ನಾಟಿತು. ಸಣ್ಣತಾಯಮ್ಮನ ಕೂಗಿಗೆ ಮನೆಯಿಂದ ಎಲ್ಲರೂ ಓಡಿಬಂದರು. ರಘುನಂದನ್ ಅವಳನ್ನು ಕಾರಿನಲ್ಲಿ ಹಾಕಿಕೊಂಡು ಮಳವಳ್ಳಿ ಆಸ್ಪತ್ರೆಗೆ ಓಡಿಸಿದ. ಹದಿನಾಲ್ಕು ಹೊಲಿಗೆ ಬಿದ್ದವು.

ಸಂಜೆ ಕೈಗೆ ಬಟ್ಟೆ ಸುತ್ತಿಕೊಂಡು ಬಂದವಳನ್ನು ಕಂಡು ಮರಿಸಿದ್ದಯ್ಯ ವಾಕರ್ ಊರಿ ಎದ್ದು ನಿಂತ. ಅವಳು ಬಿದ್ದೆ ಎಂದಳು. ಅವನು ಕೈ ಹಿಡಿದು, ಗಾಯ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಬಟ್ಟೆಯ ಮೇಲಿಂದಲೇ ನೋಡಿದ. ಕಣ್ಣಿನ ಕೆಳಗಿನ ತೂತನ್ನೂ ನೋಡಿದ.

"ಚಿಕ್ಕಣ್ಣೋರ ತೋಟದ ಬೇಲಿ ತಾನೆ?"

ಪಟ್ಟಲಮ್ಮ ಕೈ ಎಳೆದುಕೊಂಡಳು.

"ತಂತಿ ಇಂಗೆ ಒಡೀಬೇಕು ಅಂದ್ರೆ ಆಪಾಟಿ ಬಿಗಿ ಇರ್ಬೇಕು. ನಾನು ರಾಟೆ ಆಕಿ ಎಳ್ದಿರೋದು ಎರಡೇ ಬೇಲಿ. ಒಂದು ಬ್ಲಫ್‌ ತಾವ, ಇನ್ನೊಂದು ಅದು. ಬ್ಲಫ್‌ಗೆ ನೀನು ಓಗಿಲ್ಲ."

ಅವಳು ಕೂತುಬಿಟ್ಟಳು. ಅವನೂ ಕೂತ. ತನ್ನ ಬೇಲಿಗಳನ್ನು ಒಂದೊಂದಾಗಿ ಕೇಳಿದ.

"ತೆಂಗಿನ ತೋಟದ್ದು?"

"ಓಯ್ತು."

"ರೇಶ್ಮೆ ಮನೆ ಇಂದ್ಗಡೆದು?"

"ಅದೂ ಓಯ್ತು."

"ಇಸ್ಕೂಲ್ ಪಕ್ಕದ್ದು?"

"ಓದ್ ದೀಪಾವಳೀಲೇ ತೆಗ್ದೆ."

ಹೀಗೆ ಹನ್ನೊಂದು ಬೇಲಿಗಳಾದವು. ಊರಿನಿಂದ ಬಂದವರನ್ನು ಸತ್ತವರ ಸುದ್ದಿ ಕೇಳುವ ಹಾಗೆ ಅವನು ಕೇಳಿದ. ಅವಳು ತಲೆ ಎತ್ತದೆ ಹೇಳಿದಳು. ಕೊನೆಗೆ ಅವನು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟಕ್ಕೆ ಏಳಲಿಲ್ಲ.

ಎರಡು ದಿನ ಮಾತಿಲ್ಲ. ಅವಳು ಇಟ್ಟ ಮುದ್ದೆಯನ್ನು ಉಂಡ, ತಟ್ಟೆ ಸರಿಸಿದ, ಅಷ್ಟೇ. ಗಾಯದ ನೋವಿಗಿಂತ ಇದೇ ಅವಳಿಗೆ ಹೆಚ್ಚಾಯಿತು. ಮೂರನೆಯ ದಿನ ಭಾನುವಾರ, ಮಗಳು ಮಂಜುಶ್ರೀ ಬಂದಳು. ಅವಳು ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅವ್ವನ ಕೈಯ ಬಟ್ಟೆ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿ ಕಟ್ಟುತ್ತ ಬೈದಳು.

"ಸಾಕು ಅವ್ವ, ಬಿಟ್ಟುಬಿಡು ಇದನ್ನ. ಒಂಚೂರು ಮೇಲೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು. ನಾನು ದುಡೀತಿಲ್ವಾ?"

"ನೀ ದುಡುದ್ರೆ ನನ್ನ ಕೈಯೇನು ಉಪ್ಪಿನಕಾಯಿ ಆಕ್ಕೊಳಕ್ಕಾ?" ಎಂದಳು ಪಟ್ಟಲಮ್ಮ.

ಅಷ್ಟರಲ್ಲಿ ಮಂಚದ ಕಡೆಯಿಂದ ದನಿ ಬಂತು. "ಬೋಲ್ಟು ಸಡ್ಲ ಮಾಡ್ಬೇಕು ಮೊದ್ಲು."

ತಾಯಿ, ಮಗಳು ಇಬ್ಬರೂ ತಿರುಗಿದರು.

"ಮೂಲೆ ಕಂಬಕ್ಕೆ ಒಳಮಗ್ಗುಲಾಗೆ ಕೊಕ್ಕೆ ಬೋಲ್ಟು ಆಕಿವ್ನಿ. ಒರಗಿಂದ ಕಾಣಕಿಲ್ಲ, ಕಳ್ರು ಬಿಚ್ಚಬಾರ್ದು ಅಂತ ಅಂಗ್ಮಾಡಿದ್ದು. ಅದುನ್ನ ಸಡ್ಲ ಬುಟ್ರೆ ತಂತಿ ತಾನೇ ತಣ್ಣಗಾಯ್ತದೆ. ಯಾರ್ನಾರ ಒಂದ್ಮಾತು ಕೇಳಾಕೆ ಏನಾಗಿತ್ತು ನಿಂಗೆ? ಮನೇಲಿ ಬೇಲಿ ಕಟ್ಟಿದೋನು ಕುಂತಿರುವಾಗ ಕಣ್ಣು ಕಳ್ಕೊಳ್ಳಾಕೆ ಓಗಿದ್ದಲ್ಲೆ!"

ಪಟ್ಟಲಮ್ಮ ಹೊಸ ಪಟ್ಟಿಯ ಅಂಚನ್ನು ಒತ್ತಿಕೊಂಡಳು. "ನಿಂಗೆ ಬೇಜಾರಾಯ್ತದೆ ಅಂತ ಯೋಳ್ನಿಲ್ಲ" ಎಂದಷ್ಟೇ ಅಂದಳು.

"ಆಯ್ತು, ಬೇಜಾರಾಯ್ತು. ಎರಡು ದಿನ ಆಯ್ತು. ಕೂಲಿಗೆ ಕಟ್ಟಿದ ಬೇಲಿ ಕಣೆ, ನಮ್ಮಪ್ಪನ ಆಸ್ತಿಯಾ? ನೀನು ಕುಲ್ಡಿಯಾದ್ರೆ ಎಷ್ಟು ದಿನ ಬೇಜಾರು ಮಾಡ್ಕೊಂಡು ಕುಂತಿರ್ಲಿ ನಾನು?"

ಹೊಲಿಗೆ ಬಿಚ್ಚಿಸಿದ ಮರುದಿನ ಅವನೇ ಆಟೊ ಹತ್ತಿದ. ಚಿಕ್ಕಣ್ಣನವರ ತೋಟದಲ್ಲಿ ಅವನನ್ನು ಇಳಿಸಿ ಮೂಲೆ ಕಂಬದವರೆಗೆ ನಡೆಸುವುದಕ್ಕೆ ಇಬ್ಬರು ಹೆಂಗಸರಿಗೂ ಬೆವರು ಕಿತ್ತಿತು. ಚಿಕ್ಕಣ್ಣನವರ ಹೆಂಡತಿ ಅಂಕಮ್ಮ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಚಿಕ್ಕಣ್ಣನವರು ಅಲ್ಲೇ ನಿಂತಿದ್ದರು. ಹಿಂದೆ ಈ ತೋಟದಲ್ಲಿ ಹದಿನೈದು ದಿನ ಕೆಲಸ ಮಾಡಿದಾಗ ಮರಿಸಿದ್ದಯ್ಯ ಅವರೆದುರು ಒಮ್ಮೆಯೂ ಕೂತವನಲ್ಲ. ಈಗಲೂ ವಾಕರ್ ಹಿಡಿದೇ ನಿಂತಿದ್ದ.

"ಕುರ್ಚಿ ಆಕಿರೋದು ಕುಂತ್ಕೊಳಾಕೆ, ನೋಡಾಕಲ್ಲ" ಎಂದು ಪಟ್ಟಲಮ್ಮ ಅವನ ಹೆಗಲು ಒತ್ತಿ ಕೂರಿಸಿದಳು.

ಚಿಕ್ಕಣ್ಣನವರು, "ಕೂತ್ಕೊ ಕೂತ್ಕೊ ಮರಿಸಿದ್ದಯ್ಯ" ಎಂದು, ತಾವು ಬದುವಿನ ಮೇಲೆಯೇ ಕೂತರು.

ಬೋಲ್ಟು ತುಕ್ಕು ಹಿಡಿದು ಕಂಬಕ್ಕೇ ಅಂಟಿತ್ತು. ಸೀಮೆಎಣ್ಣೆ ಬಿಟ್ಟು, ಒಂದು ತಾಸು ಕಾದು, ಸ್ಪ್ಯಾನರ್ ಹಾಕಿದರು. ಮರಿಸಿದ್ದಯ್ಯ ಕುರ್ಚಿಯಿಂದಲೇ ಕೂಗುತ್ತಿದ್ದ: "ಕೆಳಗಿಂದು ಮೊದ್ಲು. ನಡುವಿಂದು ಕೊನೇಗೆ. ಸಣ್ಣತಾಯಿ, ತಂತಿ ನೇರಕ್ಕೆ ನಿಂತ್ಕಬ್ಯಾಡ, ಮಗ್ಗುಲಿಗೆ ಬಾ!" ನಟ್ಟು ಸುತ್ತು ಸುತ್ತಾಗಿ ಬಿಟ್ಟಂತೆ ಇಪ್ಪತ್ತೆರಡು ವರ್ಷ ನೆಟ್ಟಗೆ ನಿಂತಿದ್ದ ತಂತಿ ಮೆಲ್ಲಗೆ ಬಾಗಿ ಹುಲ್ಲಿಗೆ ತಾಗಿತು. ಅವನು ಅದನ್ನು ನೋಡುತ್ತಲೇ ಇದ್ದ.

ಆಮೇಲೆ ಗಂಟು ಬಿಚ್ಚುವ ಸರದಿ. "ಬಲಕ್ಕೆ ತಿರುಗ್ಸು" ಎಂದು ಅವನು ಹೇಳುವ ಮೊದಲೇ ಪಟ್ಟಲಮ್ಮ ಮೂರು ಗಂಟು ಬಿಚ್ಚಿ ಮುಂದಿನ ಕಂಬಕ್ಕೆ ಹೋಗಿದ್ದಳು.

"ನಿಂಗೆಂಗೆ ಗೊತ್ತು?"

"ಅನ್ನೊಂದು ಬೇಲಿ ಬಿಚ್ಚಿಲ್ವಾ? ಒಂದೊಂದು ಗಂಟಿಗೂ ನಿನ್ನ ಬೈಕೊಂಡೇ ಬಿಚ್ಚಿದ್ದು. ಎಡಚ ಗಂಡನ್ನ ಕಟ್ಕೊಂಡ್ನಲ್ಲಪ್ಪ ಅಂತ."

ಮರಿಸಿದ್ದಯ್ಯ ನಕ್ಕ. ಸೊಂಟ ಮುರಿದ ಮೇಲೆ ಅವನು ಹಾಗೆ ಬಾಯಿ ತೆರೆದು ನಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಬಾಗಿ ಇನ್ನೊಂದು ಗಂಟಿಗೆ ಕೈ ಹಾಕಿದಳು.

ಆರು ದಿನಕ್ಕೆ ಬೇಲಿಯೆಲ್ಲ ಸುರುಳಿಯಾಯಿತು, ಕಬ್ಬಿಣದ ಕಂಬಗಳು ಒಂದರ ಮೇಲೊಂದು ಮಲಗಿದವು. ಚೌಡಯ್ಯನ ಲಾರಿ ಬಂದು ತುಂಬಿಕೊಂಡು ಹೋಯಿತು. ಮರಿಸಿದ್ದಯ್ಯ ಲಾರಿ ತಿರುವು ದಾಟುವವರೆಗೆ ನೋಡಿ, "ಕರಗ್ಸಿ ಏನ್ ಮಾಡ್ತಾರೆ?" ಎಂದು ಕೇಳಿದ. ಮನೆ ಕಟ್ಟುವ ಸರಳು ಎಂದು ಪಟ್ಟಲಮ್ಮ ಹೇಳಿದಳು. "ಅಂಗಾರೆ ಸರಿ" ಎಂದ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಹೊಸ ಸೋಲಾರ್ ಬೇಲಿ ಹಾಕಿದ ತಿಂಗಳಿಗೆ ಅದರ ಮೂಲೆ ಕಂಬ ಒಳಕ್ಕೆ ವಾಲಿತು. ಹಾಕಿದವನು ಸ್ವರೂಪ್ ಎಂಬ ಹುಡುಗ. ಡಿಪ್ಲೊಮಾ ಓದಿ ಮಳವಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟವನು. ಕರೆಂಟು, ಬ್ಯಾಟರಿ ಎಲ್ಲ ಅವನಿಗೆ ಅಂಗೈ ಗೆರೆ. ಮಣ್ಣು ಮಾತ್ರ ಗೊತ್ತಿಲ್ಲ. ಚಿಕ್ಕಣ್ಣನವರು ಅವನಿಗೆ, "ಹಳೇ ಬೇಲಿ ಇಪ್ಪತ್ತೆರಡು ವರ್ಸ ಅಲ್ಲಾಡ್ಲಿಲ್ಲ. ಹೋಗಿ ಬೆಳಕವಾಡಿ ಮರಿಸಿದ್ದಯ್ಯನ್ನ ಕೇಳು" ಎಂದರು.

ಸ್ವರೂಪ್ ಬಂದು ಜಗಲಿಯ ಮೇಲೆ ಕೂತು ಒಂದು ಮಧ್ಯಾಹ್ನವೆಲ್ಲ ಕೇಳಿದ. ಗುಂಡಿ ಎಷ್ಟು ಆಳ, ಕಂಬಕ್ಕೆ ಒತ್ತು ಕೊಡುವ ಆನಿಕೆ ಯಾವ ಕಡೆಗೆ, ನಾಲೆ ನೀರಿನ ಮಣ್ಣಿಗೆ ಎಷ್ಟು ಜಲ್ಲಿ ತುಂಬಬೇಕು. ಮರಿಸಿದ್ದಯ್ಯ ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸಿದ. ಮರುದಿನ ಸ್ವರೂಪ್ ಅವನನ್ನೇ ಕರೆದುಕೊಂಡು ಹೋದ. ಆಮೇಲೆ ಪ್ರತಿ ಕೆಲಸಕ್ಕೂ ಕಾರು ಕಳಿಸತೊಡಗಿದ. ಒಂದೇ ಷರತ್ತು ಮರಿಸಿದ್ದಯ್ಯನದು: ಹಳೇ ಬೇಲಿ ಇದ್ದರೆ ಅದನ್ನು ತೆಗೆಯುವುದು ಪಟ್ಟಲಮ್ಮನೇ.

ಈಗ ಕೊತ್ತತ್ತಿಯ ಬಳಿ ನಾಲೆ ಪಕ್ಕದ ತೋಟವೊಂದರಲ್ಲಿ ಕೆಲಸ ನಡೆದಿದೆ. ಹಳೇ ಬೇಲಿ ಬೇರೆ ಯಾರೋ ಕಟ್ಟಿದ್ದು. ಮರಿಸಿದ್ದಯ್ಯ ಅದರ ಗಂಟುಗಳನ್ನು ನೋಡಿ, "ಇದ ಕಟ್ಟಿದೋನು ಎಮ್ಮೆ ಕಟ್ಟಾಕೂ ನಾಲಾಯಕ್ಕು" ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದಾನೆ. ಅತ್ತ ಪಟ್ಟಲಮ್ಮ, ಮುಂಗೈವರೆಗೆ ಇಳಿದ ಗಾಯದ ಗೆರೆಯ ಮೇಲೆ ಗವಸು ಎಳೆದುಕೊಂಡು, ಹಾರೆ ಹಾಕಿ ಕಂಬ ಮೀಟುತ್ತಿದ್ದಾಳೆ.

"ಲೇ, ಆ ಮೂಲೆ ಕಂಬ ಮುಟ್ಟಬ್ಯಾಡ ಕಣೆ! ಅದು ಗಟ್ಟಿ ಐತೆ, ಹೊಸದುಕ್ಕೆ ಬೇಕು."

"ಗಟ್ಟಿ ಐತೆ ಅಂತಾನೇ ಚೌಡಯ್ಯ ಕೇಳವ್ನೆ."

"ಕೊಡಕಿಲ್ಲ ಅಂದ್ರೆ ಕೊಡಕಿಲ್ಲ."

"ನೀನಿಂಗೇ ಅಡ್ಡ ಬಂದ್ರೆ ನಿನ್ನೂ ನಿನ್ನ ವಾಕರ್ನೂ ಸೇರ್ಸಿ ತೂಕುಕ್ಕಾಕ್ತೀನಿ ನೋಡು."

"ಒಳಗೆ ರಾಡೂ ಐತೆ, ಅದುನ್ನೂ ಸೇರ್ಸು" ಎಂದ ಮರಿಸಿದ್ದಯ್ಯ. ಸಣ್ಣತಾಯಮ್ಮ ತಂತಿ ಕೈಬಿಟ್ಟು ನಗುತ್ತ ಬದುವಿನ ಮೇಲೆ ಕೂತಳು. ಪಟ್ಟಲಮ್ಮ ಹಾರೆ ಎತ್ತಿಕೊಂಡು, ಮೂಲೆ ಕಂಬವನ್ನು ಬಿಟ್ಟು ಅದರ ಪಕ್ಕದ್ದಕ್ಕೆ ಹೋದಳು.